ಬಾಣೆಯ ದಾರಿ ಜಗಳದಲ್ಲಿ ಗೆದ್ದವರು ಯಾರು ಎಂದು ಕೇಳುವವರಿಗೆ

ಮದುವೆ ಮನೆಯಲ್ಲಿ ಕೇಳುತ್ತಾರೆ, ಸಾವಿನ ಮನೆಯಲ್ಲಿ ಕೇಳುತ್ತಾರೆ, ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿ ಕೇಳುತ್ತಾರೆ: "ನಿಮ್ಮ ಒಕ್ಕದ ಬಾಣೆಯ ದಾರಿ ಜಗಳ ಕೋರ್ಟಿಗೆ ಹೋಗದೆ ಹೇಗೆ ಮುಗಿಯಿತು? ಕೊನೆಗೆ ಬಗ್ಗಿದ್ದು ಯಾರು?" ಮೊದಮೊದಲು ಕೂರಿಸಿ, ಕಾಫಿ ಕೊಟ್ಟು ಹೇಳುತ್ತಿದ್ದೆ. ಈಗ ತಾಳ್ಮೆ ಉಳಿದಿಲ್ಲ. ಬರೆದಿಡುತ್ತೇನೆ, ಓದಿಕೊಳ್ಳಿ.

ಕೊಡಗಿನವರಲ್ಲದವರಿಗೆ ನಾಲ್ಕು ಮಾತು. ಒಕ್ಕ ಎಂದರೆ ಒಂದೇ ಮೂಲಪುರುಷನ ಗಂಡು ಸಂತತಿಯ ದೊಡ್ಡ ಕುಟುಂಬ. ಅದರ ಹಿರಿಯ ಪಟ್ಟೆದಾರ. ಮೂಲಮನೆ ಐನ್‌ಮನೆ. ಸೈನಿಕ ಸೇವೆಗೆ ಪ್ರತಿಯಾಗಿ ಕುಟುಂಬಗಳಿಗೆ ಸಿಕ್ಕಿದ್ದು ಜಮ್ಮಾ ಭೂಮಿ. ಮಾಮೂಲಿ ಗದ್ದೆಗೆ ಇದ್ದ ಕಂದಾಯದ ಅರ್ಧದಷ್ಟೇ ಜಮ್ಮಾ ಗದ್ದೆಗೆ. ಆ ಗದ್ದೆಗೆ ಅಂಟಿಕೊಂಡ ಗುಡ್ಡದ ಕಾಡೇ ಬಾಣೆ: ಸೊಪ್ಪು, ಸೌದೆ, ದನದ ಮೇವು ಎಲ್ಲವೂ ಅಲ್ಲಿಂದಲೇ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿ ಪೂಜೆ ಮುಗಿಸಿ ಬೇಟೆಗೆ ಹೊರಡುತ್ತಿದ್ದದ್ದೂ ಅಲ್ಲಿಗೇ. ಭೂಮಿ ಸಿಕ್ಕಿದ್ದು ಒಬ್ಬನಿಗಲ್ಲ, ಒಕ್ಕಕ್ಕೆ. ಇದನ್ನು ಮರೆತಲ್ಲಿಂದ ಎಲ್ಲ ಜಗಳ ಶುರು.

ನಮ್ಮ ಬಾಣೆಗೆ ಹತ್ತುವ ದಾರಿಯನ್ನು ಮನೆಯಲ್ಲಿ ಬೇಟೆದಾರಿ ಎಂದೇ ಕರೆಯುತ್ತಿದ್ದರು. ಅಜ್ಜನ ಕಾಲದಲ್ಲಿ ಗಂಡಸರು, ನಾಯಿಗಳು, ಸೊಪ್ಪು ಬಡಿದು ಪ್ರಾಣಿ ಎಬ್ಬಿಸುವ ಆಳುಗಳು ಎಲ್ಲರೂ ಅದರಲ್ಲೇ ಹತ್ತಿದವರು ಎಂದು ನಾವು ನಂಬಿದ್ದೆವು. ಮಾಂಸದಲ್ಲಿ ಗುಂಡು ಹೊಡೆದವನಿಗೆ ಪಾಲು, ಎಬ್ಬಿಸಿದವನಿಗೆ ಪಾಲು, ನಾಯಿಗೂ ಪಾಲು. ಆಮೇಲೆ ಬಾಣೆ ಕಾಫಿ ತೋಟವಾಯಿತು. ನೆಲ ಪಾಲಾಗಲಿಲ್ಲ, ಯಾರು ಎಲ್ಲಿ ಬೆಳೆಯುವುದು ಎಂದು ಬಾಯಿಮಾತಿನಲ್ಲಿ ಹಂಚಿಕೊಂಡದ್ದಷ್ಟೇ. ಕೆಳಗಿನ ಇಳಿಜಾರು ದೊಡ್ಡಪ್ಪನ ಮಕ್ಕಳ ಅನುಭೋಗಕ್ಕೆ, ಮೇಲಿನದು ನಮಗೂ ಚಿಕ್ಕಪ್ಪಂದಿರ ಮಕ್ಕಳಿಗೂ. ದಾರಿ ಮಾತ್ರ ದೊಡ್ಡಪ್ಪನ ಮಗನ, ನಾನು ಅಣ್ಣ ಎನ್ನುವವನ, ರೋಬಸ್ಟಾ ಕಾಫಿ ಗಿಡಗಳ ನಡುವೆ ಸೀಳಿಕೊಂಡು ಹೋಗುತ್ತಿತ್ತು. ಒಂದು ಕೊಯ್ಲಿನ ಕಾಲದಲ್ಲಿ ಅಲ್ಲಿ ಕಬ್ಬಿಣದ ಗೇಟು ಬಂತು, ಗೇಟಿಗೆ ಬೀಗ ಬಂತು.

ಬೀಗವಿತ್ತು, ಬೇಲಿಯಿರಲಿಲ್ಲ. ದನಗಳು ಕಂಬವನ್ನು ಬಳಸಿ ಆರಾಮವಾಗಿ ಹತ್ತಿದವು, ಅವುಗಳ ಹಿಂದೆ ನಮ್ಮ ಆಳುಗಳೂ ಹತ್ತಿದರು. ಮೂಟೆ ಹೊತ್ತ ಜೀಪು ಮಾತ್ರ ಹೊರಗೆ ನಿಂತಿತು. ಅಣ್ಣನ ಮನೆಯವರೇ ಕೀಲಿ ಮರೆತು ಬಂದ ದಿನ ಅವರೂ ಕಾಫಿ ಗಿಡದ ನಡುವೆ ನುಸುಳಿದರು. ಅದನ್ನು ನೆನೆದರೆ ಈಗ ಎರಡೂ ಮನೆಯವರು ಒಟ್ಟಿಗೆ ನಗುತ್ತೇವೆ. ಆಗ ಯಾರೂ ನಗಲಿಲ್ಲ.

ಈಗ ಪ್ರಶ್ನೆಗೆ ಬರುತ್ತೇನೆ. ಸಂಬಂಧಿಕರೊಬ್ಬರ ಮದುವೆಯಲ್ಲಿ ಊಟದ ತಟ್ಟೆ ಹಿಡಿದ ಹಿರಿಯರೊಬ್ಬರು ನನ್ನನ್ನು ಕಂಬಕ್ಕೆ ಒತ್ತಿ ನಿಲ್ಲಿಸಿದರು. "ನಲವತ್ತು ವರ್ಷ ನಡೆದ ದಾರಿ ಅಲ್ಲವಾ? ಇಪ್ಪತ್ತು ವರ್ಷ ಆಯಿತು ಎಂದರೆ ಕಾನೂನೇ ನಿಮ್ಮ ಕಡೆ. ಕೇಸು ಹಾಕಿದ್ದರೆ ಗೆಲುವು ನಿಮ್ಮದೇ. ಹೆದರಿಬಿಟ್ಟಿರಿ." ಸುತ್ತ ನಿಂತವರು ಹೌದೆಂಬಂತೆ ತಲೆದೂಗಿದರು. ನಾನು ಆ ದಿನ ಉತ್ತರ ಕೊಡಲಿಲ್ಲ, ಮದುಮಗಳನ್ನು ಹರಸುವ ಸಾಲಿನಲ್ಲಿ ನಿಂತಿದ್ದೆ. ಉತ್ತರ ಇಲ್ಲಿದೆ.

ಹೆದರಲಿಲ್ಲ. ನೀವು ಹೇಳಿದ ಕಾನೂನು ನಮ್ಮ ಜಗಳಕ್ಕೆ ಅನ್ವಯಿಸುವುದೇ ಇಲ್ಲ. ಇಪ್ಪತ್ತು ವರ್ಷದ ಮಾತಿರುವುದು 1882ರ ಅನುಭೋಗ ಹಕ್ಕುಗಳ ಕಾಯ್ದೆಯ 15ನೇ ಕಲಮಿನಲ್ಲಿ. ಆ ಕಾಯ್ದೆ ಹುಟ್ಟುವಾಗಲೇ ಕೊಡಗನ್ನು ಹೆಸರಿಸಿತ್ತು, ಅದು ನಿಜ. ಆದರೆ ಅದು ಬೇರೆಯವರ ನೆಲದ ಮೇಲಿನ ಹಕ್ಕಿನ ಕಾನೂನು. ಪಹಣಿಯಲ್ಲಿ ಪಟ್ಟೆದಾರನ ಹೆಸರಿನ ಜೊತೆ ನಮ್ಮೆಲ್ಲರ ಹೆಸರಿರುವಾಗ ಆ ನೆಲ ಬೇರೆಯವರದಲ್ಲ, ನಮ್ಮದೂ ಹೌದು. ಸ್ವಂತ ನೆಲದ ಮೇಲೆ ಅನುಭೋಗದ ಹಕ್ಕು ಕೇಳುವವನು, ಇದು ನನ್ನದಲ್ಲ ಎಂದು ತಾನೇ ಬರೆದುಕೊಟ್ಟಂತೆ. ಪಾಲಾಗದ ಆಸ್ತಿಯಲ್ಲಿ ಒಬ್ಬ ಸಹಮಾಲೀಕ ಇನ್ನೊಬ್ಬನನ್ನು ಹೊರಗಿಡುವಂತಿಲ್ಲ. ನಮ್ಮ ಬಲ ಇದ್ದದ್ದು ಅಲ್ಲಿ.

ಪಾಲಾದವರ ಕಥೆ ಬೇರೆ. ಅವರಿಗೆ 13ನೇ ಕಲಂ ಇದೆ: ಒಟ್ಟು ಆಸ್ತಿ ಪಾಲಾದಾಗ, ಒಬ್ಬನ ಪಾಲಿನ ಮೂಲಕ ಹೋಗದೆ ಇನ್ನೊಬ್ಬನಿಗೆ ತನ್ನ ಪಾಲನ್ನು ಅನುಭವಿಸಲು ಸಾಧ್ಯವೇ ಇಲ್ಲವೆಂದರೆ ಆ ದಾರಿ ಅವನ ಹಕ್ಕು. ಆದರೆ ದಾರಿ ಎಲ್ಲಿ ಹೋಗಬೇಕು ಎಂದು ತೋರಿಸುವವನು ನೆಲದ ಯಜಮಾನ. ತೋರಿಸಿದ ದಾರಿ ನಡೆಯುವವನಿಗೆ ತಕ್ಕಮಟ್ಟಿಗೆ ಅನುಕೂಲವಾಗಿರಬೇಕು, ಅಷ್ಟೇ. ಬೇರೆ ದಾರಿ ಸಿಕ್ಕು ಅಗತ್ಯ ತೀರಿದ ದಿನ ಆ ಹಕ್ಕೂ ತೀರುತ್ತದೆ. ಇನ್ನು ಇಪ್ಪತ್ತು ವರ್ಷವನ್ನೇ ನೆಚ್ಚಿಕೊಂಡವರು ಮರೆಯುವ ಸಾಲೊಂದಿದೆ: ಆ ಅವಧಿ, ದಾವೆ ಹೂಡುವ ಹಿಂದಿನ 2 ವರ್ಷದೊಳಗೆ ಮುಗಿದಿರಬೇಕು. ದಾರಿಗೆ ಅಡ್ಡಿ ಬಂದ ಮೇಲೆ ಮದುವೆ ಮನೆಗಳಲ್ಲಿ ಹೇಳಿಕೊಂಡು ಐದು ವರ್ಷ ಕಳೆದರೆ ಆ ಕಲಂ ಕೈಬಿಡುತ್ತದೆ. ಮತ್ತೆ, ಕೇಳಿ, ಅಪ್ಪಣೆ ಪಡೆದು ನಡೆದ ದಾರಿ ಎಷ್ಟು ವರ್ಷವಾದರೂ ಹಕ್ಕಾಗುವುದಿಲ್ಲ.

ಇಷ್ಟೆಲ್ಲ ತಿಳಿದಿದ್ದರೂ ಕೇಸು ಹಾಕಲಿಲ್ಲ. ಸುಗ್ಗಿ ಹಬ್ಬವಾದ ಪುತ್ತರಿಯ ದಿನ ಕದಿರು ತೆಗೆಯಲು ಒಟ್ಟಿಗೆ ಗದ್ದೆಗೆ ಇಳಿಯಬೇಕಾದವರು ನಾವು. ಗತಿಸಿದ ಹಿರಿಯರಾದ ಕಾರಣವರಿಗೆ ಮೀದಿ, ಅಂದರೆ ಎಡೆ, ಇಡುವಾಗ ಒಂದೇ ದೀಪದ ಎದುರು ನಿಲ್ಲಬೇಕಾದವರು. ಇದನ್ನು ಪುಕ್ಕಲುತನ ಎನ್ನುವವರ ಜೊತೆ ನನಗೆ ವಾದವಿಲ್ಲ.

ಅಣ್ಣ ಗೇಟು ಹಾಕಿದ್ದೇಕೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಬಗ್ಗಿದ್ದು ಯಾರು ಎಂದು ಕೇಳುವವರಿಗೆ ಅವನೊಬ್ಬ ದುರಾಸೆಯ ದಾಯಾದಿಯಾಗಿದ್ದರೆ ಸಾಕು. ಐನ್‌ಮನೆಯ ಜಗಲಿಯಾದ ಕೈಯಾಲೆಯಲ್ಲಿ ಎಲ್ಲರೂ ಸೇರಿದಾಗ ಅವನು ಅಲ್ಲಿ ಕೂರುವ ಐಮರದ ಹಲಗೆಯ ಮೇಲೆ ಒಂದು ಖಾಲಿ ತೋಟಾ ಇಟ್ಟ. ಕೆಂಪು ಪ್ಲಾಸ್ಟಿಕ್ಕಿನ, ಹಿತ್ತಾಳೆ ಬುಡದ, ಹನ್ನೆರಡು ಬೋರಿನ ಕೋವಿಯ ತೋಟಾ. ಬುಡದ ನಡುವೆ ಸೂಜಿ ಹೊಡೆದ ಗುಳಿ. ಒಂದು ರಾತ್ರಿ ಮೇಲಿನಿಂದ ಗುಂಡಿನ ಸದ್ದು ಕೇಳಿಸಿತ್ತಂತೆ. ಬೆಳಿಗ್ಗೆ ಹೋಗಿ ನೋಡಿದರೆ ತೋಡಿನ (ಸಣ್ಣ ಹಳ್ಳದ) ಪಕ್ಕ ಒಣಹುಲ್ಲು ಸುಟ್ಟು ಕಪ್ಪಾದ ನೆಲ, ಅಂಟಿಕೊಂಡ ಹಂದಿ ಕೂದಲು, ಇನ್ನೂ ಹೋಗದ ಸೀದ ವಾಸನೆ. ನಮ್ಮದೇ ಹುಡುಗನೊಬ್ಬ ಪೇಟೆಯ ಗೆಳೆಯರನ್ನು ಕರೆತಂದಿದ್ದ. ಅಣ್ಣ ಹೇಳಿದ್ದು ಇಷ್ಟೇ: "ನಾಳೆ ಅರಣ್ಯ ಇಲಾಖೆಯವರು ಬಂದರೆ ಮೊದಲು ತಟ್ಟುವುದು ಕೆಳಗಿರುವ ನನ್ನ ಬಾಗಿಲನ್ನು. ಬೀಗ ಹಾಕಿದ್ದು ನಿಮಗಲ್ಲ, ಅದಕ್ಕೆ."

ಅವನ ಭಯ ಸರಿಯಾದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆರಂಭದಲ್ಲಿ ಪರವಾನಗಿ ಪಡೆದು ಆಡುವ ಬೇಟೆಗೆ ಅವಕಾಶವಿತ್ತು. 1991ರ ತಿದ್ದುಪಡಿಯಲ್ಲಿ ಅದೂ ಹೋಯಿತು. ಕೋವಿಯ ವಿನಾಯಿತಿ ಇದೆಯಲ್ಲ ಎನ್ನುತ್ತಾರೆ ನಮ್ಮವರು. ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ನನಗೂ ಆ ಕೋವಿಯ ಮೇಲೆ ಅಭಿಮಾನವಿದೆ, ಹಬ್ಬದಂದು ಅದಕ್ಕೆ ತೋಕ್ ಪೂ ಎಂಬ ಹೂ ಸಿಕ್ಕಿಸುವ ಕೈ ನನ್ನದೇ. ಆದರೆ ಅದು ಕೋವಿ ಇಟ್ಟುಕೊಳ್ಳಲು ಕೊಟ್ಟ ವಿನಾಯಿತಿ, ಪ್ರಾಣಿ ಹೊಡೆಯಲು ಕೊಟ್ಟದ್ದಲ್ಲ. ಹಂದಿ ನಮ್ಮ ಗದ್ದೆಗೇ ಬಂದರೂ ಕಾಡುಪ್ರಾಣಿಯೇ. ಬೆಳೆ ಹಾಳುಮಾಡುವ ಪ್ರಾಣಿಯ ವಿಚಾರದಲ್ಲಿ ಅನುಮತಿ ಕೊಡುವ ಅಧಿಕಾರಿ ಬೇರೆ ಇದ್ದಾರೆ. ಹಂದಿಗೆಂದು ಇಟ್ಟ ಉರುಲೂ ಕಾನೂನಿನ ಕಣ್ಣಿನಲ್ಲಿ ಬೇಟೆಯೇ, ಕಾಫಿ ತೋಟಗಳಲ್ಲಿ ಆ ಉರುಲಿಗೆ ಹುಲಿ, ಚಿರತೆ ಸಿಕ್ಕಿ ಸತ್ತದ್ದನ್ನು ಈ ಜಿಲ್ಲೆ ಕಂಡಿದೆ. ಸಿಕ್ಕಿಬಿದ್ದರೆ ಜೈಲು, ಜೊತೆಗೆ ಕೋವಿಯೂ ಜೀಪೂ ಸರ್ಕಾರದ ಪಾಲು. ಒಬ್ಬ ಹುಡುಗನ ಒಂದು ರಾತ್ರಿಯ ಮೋಜಿಗೆ ಇಡೀ ಒಕ್ಕ ಇಲಾಖೆಯ ಮುಂದೆ ಕೈಕಟ್ಟಿ ನಿಲ್ಲಬೇಕೆ?

ತೋಟಾ ನೋಡಿದ ಮೇಲೆ ಕೈಯಾಲೆಯಲ್ಲಿ ಮಾತು ನಿಂತಿತು. ಆಗ ಮಾತಾಡಿದವರು ನಮ್ಮ ಅತ್ತೆ. ಮದುವೆಯಾಗಿ ಬೇರೆ ಒಕ್ಕಕ್ಕೆ ಹೋದವರು, ಆ ದಿನ ಬಂದಿದ್ದದ್ದು ಅಡುಗೆಗೆ ನೆರವಾಗಲು. ಬಾಗಿಲಲ್ಲಿ ನಿಂತೇ ಹೇಳಿದರು: "ನೀವು ಬಡಿದಾಡುವ ಈ ದಾರಿ ನಾನು ಹುಡುಗಿಯಾಗಿದ್ದಾಗ ಇರಲೇ ಇಲ್ಲ. ಗಂಡಸರು ವರ್ಷಕ್ಕೊಮ್ಮೆ ಬೇಟೆಗೆ ಹೋಗುತ್ತಿದ್ದಿರಿ. ಸೊಪ್ಪಿಗೆ, ಸೌದೆಗೆ ದಿನಾ ಹತ್ತಿದವರು ನಾವು. ನಾವು ಹತ್ತಿದ್ದು ತೋಡಿನ ಅಂಚಿನಲ್ಲಿ. ಕಾಫಿ ನೆಟ್ಟ ಮೇಲೆ ಜೀಪಿಗಾಗಿ ಇದನ್ನು ನಡುವೆ ಎಳೆದದ್ದು."

ಮರುದಿನ ಅತ್ತೆಯನ್ನು ಮುಂದೆ ಬಿಟ್ಟು ಹೋದೆವು. ತೋಡಿನ ಅಂಚಿನಲ್ಲಿ ಲಂಟಾನ ಸವರಿದರೆ ಹೊರೆ ಇಳಿಸಿ ಸುಧಾರಿಸಿಕೊಳ್ಳಲು ನೆಟ್ಟಿದ್ದ ಸುಮೆಗಲ್ಲು ಇನ್ನೂ ನಿಂತಿತ್ತು, ಮೇಲಿನ ಅಡ್ಡಗಲ್ಲಿನ ಅಂಚು ಹೊರೆ ಜಾರಿ ಜಾರಿ ನುಣುಪಾಗಿತ್ತು. ಗ್ರಾಮ ನಕ್ಷೆ ತೆಗೆಸಿ ನೋಡಿದೆವು. ಚುಕ್ಕೆ ಗೆರೆಯ ಕಾಲುದಾರಿ ಅಲ್ಲೇ, ಅತ್ತೆ ತೋರಿಸಿದಲ್ಲೇ ಇತ್ತು.

ನನ್ನನ್ನು ಯಾರಾದರೂ ಕೇಳಬೇಕಾದ ಪ್ರಶ್ನೆ ಇದು: ಹಳೆಯ ದಾರಿ ಯಾರಿಗೆ ಗೊತ್ತಿತ್ತು? ಒಬ್ಬರೂ ಕೇಳಿಲ್ಲ. ದಾಯಾದಿಗಳ ಸಭೆಗೆ ಪಹಣಿಯಲ್ಲಿ ಹೆಸರಿರುವ ಗಂಡಸರನ್ನು ಮಾತ್ರ ಕರೆಯುತ್ತೇವೆ. ಆ ನೆಲದಲ್ಲಿ ನಿಜವಾಗಿ ನಡೆದವರು ಆ ಮನೆಯ ಹೆಣ್ಣುಮಕ್ಕಳು, ತಲೆಮಾರುಗಳಿಂದ ತೋಟದ ಲೈನ್ ಮನೆಗಳಲ್ಲಿರುವ ಯರವ ಸಮುದಾಯದ ಆಳುಗಳು. ಅವರನ್ನು ಕೇಳದೆ ವಕೀಲರನ್ನು ಕೇಳುತ್ತೇವೆ. ಇದರ ಬಗ್ಗೆ ನನಗೆ ನಿಜವಾದ ಸಿಟ್ಟಿದೆ.

ದಾರಿಯನ್ನು ತೋಡಿನ ಅಂಚಿಗೆ ಸರಿಸಿದೆವು. ಅಣ್ಣನ ಗಿಡಗಳು ಇಬ್ಭಾಗವಾಗುವುದು ತಪ್ಪಿತು, ನಮಗೆ ಸ್ವಲ್ಪ ಸುತ್ತಾಯಿತು. ಅಷ್ಟಕ್ಕೇ ಜಗಳ ಮುಗಿಯುತ್ತಿರಲಿಲ್ಲ. ಕಾಲ್ನಡಿಗೆ, ವಾಹನ, ಕೋವಿ ಈ ಮೂರನ್ನು ಬೇರೆ ಬೇರೆ ಮಾಡಿದ್ದರಿಂದ ಮುಗಿಯಿತು. ನಡೆಯುವುದಕ್ಕೆ ವರ್ಷವಿಡೀ ಯಾರಿಗೂ ತಡೆಯಿಲ್ಲ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಆಳುಗಳಿಗೂ ಸಹ. ವಾಹನ ಕಾಫಿ ಮತ್ತು ಕರಿಮೆಣಸಿನ ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ. ಮಳೆಗಾಲದಲ್ಲಿ ಚಕ್ರ ಇಳಿದರೆ ದಾರಿಯೇ ತೋಡಾಗುತ್ತದೆ, ಹಾಗಾಗಿ ಕಾಯಿಲೆ ಕಸಾಲೆಗಷ್ಟೇ. ಕೋವಿ ಈ ದಾರಿಯಲ್ಲಿ ಹತ್ತುವುದೇ ಇಲ್ಲ. ಕೈಲ್ ಪೊಳ್ದಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಆಟ ಐನ್‌ಮನೆಯ ಮುಂದಿನ ಬಯಲಿನಲ್ಲೇ. ಉರುಲು ಕಂಡವರು ಕಿತ್ತು ತಂದು ಎಲ್ಲರಿಗೂ ತಿಳಿಸಬೇಕು. ಹೊರಗಿನ ಗೆಳೆಯರು ಬರುವುದಾದರೆ ಮೊದಲು ಪಟ್ಟೆದಾರರ ಕಿವಿಗೆ ಹಾಕಬೇಕು. ಕತ್ತಲಾದ ಮೇಲೆ ಯಾರೂ ಬೇಡ. ಆನೆಗಳು ತೋಟದಲ್ಲೇ ಬೀಡುಬಿಡುವ ಈ ಕಾಲದಲ್ಲಿ ಅದಕ್ಕೆ ಯಾರೂ ತಕರಾರು ಎತ್ತಲಿಲ್ಲ. ಗೇಟು ಹೊಸ ಜಾಗದಲ್ಲಿ ಉಳಿಯಿತು, ಮನೆಗೊಂದು ಕೀಲಿ.

ನಕ್ಷೆ ಹಚ್ಚಿ ಒಪ್ಪಂದ ಬರೆದೆವು. ವಯಸ್ಸಿಗೆ ಬಂದ ಮಕ್ಕಳೂ, ಹೆಣ್ಣುಮಕ್ಕಳೂ ಸಹಿ ಹಾಕಿದರು. ಹಂದಿ ಹೊಡೆದ ಹುಡುಗನೂ ಹಾಕಿದ. ನಿಮ್ಮಲ್ಲಿ ಬರೆಯುವವರು ಒಂದು ಗಮನಿಸಿ: ಮೊದಲೇ ಬಾಯಿಮಾತಿನಲ್ಲಿ ಆದ ಏರ್ಪಾಡನ್ನು ನೆನಪಿಗಾಗಿ ಬರೆದಿಟ್ಟರೆ ನೋಂದಣಿ ಬೇಕಿಲ್ಲ, ಆದರೆ ಆ ಕಾಗದವೇ ನೆಲದ ಮೇಲೆ ಹೊಸ ಹಕ್ಕು ಹುಟ್ಟಿಸುವುದಾದರೆ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಲೇಬೇಕು. ಇಷ್ಟಾದರೂ ನಂಬಿಕೆ ಸಾಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಕೇಸು ಹಾಕುವ ಮೊದಲೇ ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿ ಆದ ತೀರ್ಪಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ.

ಬಗ್ಗಿದ್ದು ಯಾರು ಎಂದರೆ, ದಾರಿ ಬಗ್ಗಿತು. ಇದಕ್ಕಿಂತ ಬೇರೆ ಉತ್ತರ ನನ್ನಲ್ಲಿಲ್ಲ. ಈಗ ಚಿಕ್ಕಪ್ಪನ ಮಗನೊಬ್ಬ ಬೆಂಗಳೂರಿನಲ್ಲಿ ಮನೆ ಕಟ್ಟಲು ತನ್ನ ಅನುಭೋಗವನ್ನು ಬಿಟ್ಟುಕೊಡುವ ಯೋಚನೆಯಲ್ಲಿದ್ದಾನೆ. ಬಿಡುವುದಾದರೆ ಮೊದಲು ಒಕ್ಕದೊಳಗೆ ಕೇಳಬೇಕು ಎಂದು ಒಪ್ಪಂದದಲ್ಲಿದೆ. ಬೆಲೆ ಕಟ್ಟುವುದು ಹೇಗೆ ಎಂದು ಇಲ್ಲ. ಮುಂದಿನ ಭಾನುವಾರ ಅದಕ್ಕಾಗಿ ಸೇರುತ್ತಿದ್ದೇವೆ, ಈ ಬಾರಿ ಅತ್ತೆಗೆ ಮೊದಲೇ ಹೇಳಿ ಕಳುಹಿಸಿದ್ದೇವೆ.