ಆರು ಕೆಜಿ ಇಳಿಸಿದೆ, ನೆಲದಿಂದ ಏಳೋಕಾಗಲಿಲ್ಲ

ಎರಡು ವರ್ಷದ ಹಿಂದೆ, ನನಗೆ 47 ಇದ್ದಾಗ, ಎರಡು ತಿಂಗಳಲ್ಲಿ ಆರು ಕೆಜಿ ಇಳಿಸಿದ್ದೆ. ‘ಏನ್ ಮಾಡಿದ್ರಿ, ನಮಗೂ ಹೇಳಿ’ ಅಂತ ಕೇಳದವರಿಲ್ಲ. ಹೇಳುವಂಥದ್ದೇನೂ ಇರಲಿಲ್ಲ. ಸುಮ್ನೆ ಹೊಟ್ಟೆ ಒಣಗಿಸಿದ್ದೆ, ಅಷ್ಟೇ. ಬೆಳಿಗ್ಗೆ ಬಿಸಿನೀರು, ಮಧ್ಯಾಹ್ನ ಹಸಿ ತರಕಾರಿ, ರಾತ್ರಿ ಒಂದು ಬಟ್ಟಲು ಸೂಪು. ಬಾಚಣಿಗೆ ತುಂಬ ಕೂದಲು ಬರುತ್ತಿತ್ತು, ಅದನ್ನು ಯಾರಿಗೂ ಹೇಳಲಿಲ್ಲ.

ಒಂದು ದಿನ ಮಂಚದ ಕೆಳಗೆ ಬಿದ್ದ ಕನ್ನಡಕ ತೆಗೆಯೋಕೆ ನೆಲದ ಮೇಲೆ ಕೂತೆ. ಕನ್ನಡಕ ಸಿಕ್ಕಿತು, ಏಳೋಕಾಗಲಿಲ್ಲ. ನೋವಿಲ್ಲ, ತಲೆಸುತ್ತಿಲ್ಲ, ತೊಡೆಯಲ್ಲಿ ಬಲವೇ ಇಲ್ಲ. ಮೊದಲು ಮಂಚದ ಕಾಲು ಹಿಡಿದು, ಆಮೇಲೆ ಅಂಚು ಹಿಡಿದು, ಹೊಸದಾಗಿ ನಿಲ್ಲೋಕೆ ಕಲಿಯುವ ಕೂಸಿನ ಹಾಗೆ ಎದ್ದೆ. ಅವತ್ತು ಬೆಳಿಗ್ಗೆಯಷ್ಟೇ ಮೆಷಿನ್ ಮೇಲೆ ನಿಂತು ಖುಷಿಪಟ್ಟಿದ್ದೆ. ಇಳಿದ ಆರು ಕೆಜಿಯಲ್ಲಿ ಕೊಬ್ಬೆಷ್ಟು, ಸ್ನಾಯು ಎಷ್ಟು ಅಂತ ಮೆಷಿನ್ ಹೇಳುವುದಿಲ್ಲ ಅಲ್ವಾ.

ತಿನ್ನೋದು ಬಿಟ್ಟು ಗಡಿಬಿಡಿಯಲ್ಲಿ ಇಳಿಸಿದರೆ ಹೋಗುವುದು ಬರೀ ಕೊಬ್ಬಲ್ಲ. ಜೊತೆಗೆ ಸ್ನಾಯುವೂ ಕರಗುತ್ತದೆ, ಮೂಳೆಯೂ ಸವೆಯುತ್ತದೆ. ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯ ಬೇರೆ. ತೂಕ ವಾಪಸ್ ಬರುವಾಗ ಮಾತ್ರ ಬಹುಪಾಲು ಕೊಬ್ಬಾಗಿಯೇ ಬರುತ್ತದೆ. ನನಗೂ ಹಾಗೇ ಆಯಿತು. ಏಳು ತಿಂಗಳಲ್ಲಿ ಆರಕ್ಕೆ ಏಳು ಕೆಜಿ ಬಂತು, ಬಡ್ಡಿ ಸಮೇತ.

ಆಮೇಲೆ ಓದೋಕೆ ಶುರು ಮಾಡಿದೆ. ‘ನಲವತ್ತು ದಾಟಿತಲ್ಲ, ಮೆಟಬಾಲಿಸಂ ಬಿದ್ದುಹೋಗಿದೆ’ ಅಂತ ನಾನೂ ಎಲ್ಲರ ಹಾಗೆ ಹೇಳುತ್ತಿದ್ದೆ. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 29 ದೇಶಗಳ 6,400ಕ್ಕೂ ಜಾಸ್ತಿ ಜನ, ಎಂಟು ದಿನದ ಕೂಸಿನಿಂದ 95 ವರ್ಷದವರವರೆಗೆ. ಮೈಯ ಗಾತ್ರವನ್ನೂ, ಅದರಲ್ಲಿ ಸ್ನಾಯು ಕೊಬ್ಬು ಎಷ್ಟೆಷ್ಟು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿದು ನೋಡಿದರೆ 20ರಿಂದ 60ರವರೆಗೆ ದೇಹ ಖರ್ಚು ಮಾಡುವ ಶಕ್ತಿ ಹೆಚ್ಚುಕಡಿಮೆ ಒಂದೇ ಸಮ. ಮುಟ್ಟು ನಿಲ್ಲುವ ವಯಸ್ಸಿನಲ್ಲೂ ಇದ್ದಕ್ಕಿದ್ದಂತೆ ಬೀಳುವುದಿಲ್ಲ. ಇದನ್ನು ಓದಿ ಮೊದಲು ಸಿಟ್ಟೇ ಬಂತು. ಅಂದರೆ ತಪ್ಪೆಲ್ಲ ನನ್ನದೇನಾ ಅಂತ.

ಹಾಗಲ್ಲ. ಆ ಲೆಕ್ಕದಲ್ಲೇ ಉತ್ತರ ಇದೆ. ಸ್ನಾಯು ಕಮ್ಮಿಯಾದಷ್ಟೂ ಖರ್ಚೂ ಕಮ್ಮಿ. ಅಮೆರಿಕದಲ್ಲಿ 1990ರ ದಶಕದಿಂದ ಮಧ್ಯವಯಸ್ಸಿನ ಹೆಂಗಸರನ್ನು ವರ್ಷಗಟ್ಟಲೆ ಗಮನಿಸುತ್ತಾ ಬಂದ ‘ಸ್ವಾನ್’ ಅನ್ನುವ ಅಧ್ಯಯನ ಇದೆ. ಅದರಲ್ಲಿ ಕಂಡದ್ದು ಏನಂದರೆ, ಮುಟ್ಟು ಏರುಪೇರಾಗಿ ನಿಲ್ಲುವ ಆ ಕೆಲವು ವರ್ಷಗಳಲ್ಲಿ ಕೊಬ್ಬು ಸೇರುವ ವೇಗ ದುಪ್ಪಟ್ಟಾಗುತ್ತದೆ, ಅದೇ ಹೊತ್ತಿಗೆ ಸ್ನಾಯು ಕರಗೋಕೆ ಶುರುವಾಗುತ್ತದೆ, ಕೊನೆಯ ಮುಟ್ಟಾಗಿ ಸುಮಾರು ಎರಡು ವರ್ಷದ ಮೇಲೆ ಎರಡೂ ಒಂದು ಹದಕ್ಕೆ ಬಂದು ನಿಲ್ಲುತ್ತವೆ. ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯುವುದರಿಂದ ತೂಕದಲ್ಲಿ ಈ ಗಲಾಟೆ ಕಾಣಿಸುವುದೇ ಇಲ್ಲ. ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು ಕಮ್ಮಿಯಾದ ಹಾಗೆ ತೊಡೆ, ಸೊಂಟಕ್ಕೆ ಸೇರುತ್ತಿದ್ದ ಕೊಬ್ಬು ಹೊಟ್ಟೆಯ ಒಳಗೆ, ಕರುಳು ಲಿವರ್ ಸುತ್ತ ಸೇರುತ್ತದೆ. ಅದೇ ಸಕ್ಕರೆ ಕಾಯಿಲೆಗೂ ಹೃದಯದ ತೊಂದರೆಗೂ ದಾರಿ. ‘ತೂಕ ಅಷ್ಟೇ ಇದೆ, ಹಳೇ ಬ್ಲೌಸ್ ಮಾತ್ರ ಆಗ್ತಿಲ್ಲ’ ಅನ್ನೋದು ಸುಮ್ನೆ ಅಲ್ಲ.

ಹಾಗಾಗಿ ನಾನು ಟೇಪು ಹಿಡಿದೆ. ಕೊನೆಯ ಪಕ್ಕೆಲುಬು ಎಲ್ಲಿ ಮುಗಿಯುತ್ತದೆ, ಸೊಂಟದ ಮೂಳೆಯ ತುದಿ ಎಲ್ಲಿ ಸಿಗುತ್ತದೆ, ಬೆರಳಲ್ಲಿ ಒತ್ತಿ ನೋಡಿಕೊಂಡು ಅವೆರಡರ ನಡುವೆ ಸುತ್ತಬೇಕು. ಉಸಿರು ಬಿಟ್ಟು ಅಳೆಯಬೇಕು, ಹೊಟ್ಟೆ ಎಳೆದುಕೊಳ್ಳಬಾರದು. (ಎಳೆದುಕೊಂಡು ಯಾರಿಗೆ ಮೋಸ ಮಾಡ್ತೀರಿ, ಬಚ್ಚಲುಮನೆಯಲ್ಲಿ ನೀವೊಬ್ಬರೇ ಇರೋದು!) ಸುತ್ತಳತೆ ನಮ್ಮ ಎತ್ತರದ ಅರ್ಧಕ್ಕಿಂತ ಕಮ್ಮಿ ಇದ್ದರೆ ಒಳ್ಳೆಯದು. ನನ್ನ ಎತ್ತರ 156 ಸೆಂಟಿಮೀಟರ್, ಅರ್ಧ ಅಂದರೆ 78. ನನ್ನದು 89 ಇತ್ತು.

ಈ ಸಲ ಊಟ ಬಿಡಲಿಲ್ಲ, ಪ್ರತಿ ಊಟದಲ್ಲೂ ಪ್ರೋಟೀನ್ ಎಷ್ಟಿದೆ ಅಂತ ನೋಡಿದೆ. ಸ್ನಾಯು ಉಳಿಸಿಕೊಳ್ಳೋಕೆ ನಮ್ಮ ವಯಸ್ಸಿನವರಿಗೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು ಅನ್ನುತ್ತಾರೆ. 70 ಕೆಜಿಯವಳಿಗೆ 70 ಗ್ರಾಂಗಂತೂ ಕಮ್ಮಿಯಿಲ್ಲ. ಒಂದು ಮೊಟ್ಟೆಯಲ್ಲಿ ಇರುವುದು ಆರೇ ಗ್ರಾಂ ಚಿಲ್ಲರೆ! ನನ್ನ ಸೂಪಿನ ಕಾಲದಲ್ಲಿ ದಿನಕ್ಕೆ 20 ಗ್ರಾಂ ಆದರೂ ಸಿಗುತ್ತಿತ್ತೋ ಇಲ್ಲವೋ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಇದನ್ನು ಏರಿಸಬೇಡಿ.

ಇನ್ನು ಭಾರ ಎತ್ತೋದು. ವಾಕಿಂಗ್ ಒಳ್ಳೆಯದೇ, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆದರೆ ವಾರಕ್ಕೆರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ ಅಂತಲೂ ಅದೇ ಸಂಸ್ಥೆ ಹೇಳಿದೆ, ಅದು ಮಾತ್ರ ನಮ್ಮ ಕಿವಿಗೆ ಬೀಳೋದೇ ಇಲ್ಲ. ನಾನು ಕುರ್ಚಿಯಿಂದ ಶುರು ಮಾಡಿದೆ. ಕೈ ಎದೆಗೆ ಕಟ್ಟಿಕೊಂಡು ಕೂತು ಏಳೋದು. ಮೊದಲ ದಿನ ಐದಕ್ಕೇ ಏದುಸಿರು. ನಿಧಾನಕ್ಕೆ ಕೂರೋದೇ ಕಷ್ಟ ಅಂತ ಆಗ ಗೊತ್ತಾಯಿತು, ದೊಪ್ಪನೆ ಕೂತುಬಿಡುತ್ತಿದ್ದೆ. 15 ಸಲೀಸಾದ ಮೇಲೆ ಎರಡು ಲೀಟರ್ ನೀರಿನ ಬಾಟಲಿ ಎದೆಗೆ ಅಪ್ಪಿಕೊಂಡು ಮಾಡಿದೆ. ಈಗ ಬೆನ್ನಿನ ಚೀಲಕ್ಕೆ ಎಂಟು ಕೆಜಿ ಪುಸ್ತಕ ತುಂಬಿಕೊಂಡು ಮಾಡುತ್ತೇನೆ. ಮಗಳು ನೋಡಿ ‘ಅಮ್ಮ, ಸ್ಕೂಲಿಗೆ ಹೊರಟ್ಯಾ’ ಅಂದಳು. ಸುಲಭ ಆದ ತಕ್ಷಣ ಭಾರ ಏರಿಸಬೇಕು, ಇಲ್ಲದಿದ್ದರೆ ಸ್ನಾಯುವಿಗೆ ಬೆಳೆಯೋಕೆ ಕಾರಣವೇ ಇರಲ್ಲ.

ಹತ್ತು ತಿಂಗಳಾಯಿತು. ಇಳಿದಿರೋದು ನಾಲ್ಕು ಕೆಜಿ. ಈಗ ಯಾರೂ ‘ಏನ್ ಮಾಡಿದ್ರಿ’ ಅಂತ ಕೇಳುತ್ತಿಲ್ಲ. ಟೇಪಿನಲ್ಲಿ 89 ಇದ್ದದ್ದು 83ಕ್ಕೆ ಬಂದಿದೆ. ಇದ್ದ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೂ ಬಿಪಿ, ಸಕ್ಕರೆ ಸುಧಾರಿಸುತ್ತವೆ ಅಂತ ಡಾಕ್ಟರ್ ಹೇಳಿದ್ದರು, ಅಷ್ಟಂತೂ ಆಗಿದೆ.

ಡಾಕ್ಟರ್ ವಿಷಯ ಬಂತು, ಹೇಳಿಬಿಡುತ್ತೇನೆ. ಕಾರಣವಿಲ್ಲದೆ ತೂಕ ಏರುತ್ತಿದ್ದರೆ ಥೈರಾಯ್ಡ್ ಒಮ್ಮೆ ನೋಡಿಸಿ. ಸ್ಟಿರಾಯ್ಡ್, ಕೆಲವು ಖಿನ್ನತೆಯ ಮಾತ್ರೆಗಳು, ಇನ್ಸುಲಿನ್, ಇವೂ ತೂಕ ಏರಿಸಬಹುದು, ಹಾಗಂತ ನೀವೇ ನಿಲ್ಲಿಸಬೇಡಿ, ಕೇಳಿ. ಮುಟ್ಟು ನಿಂತು ಪೂರ್ತಿ 12 ತಿಂಗಳು ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಹೋಗಿ ತೋರಿಸಿ. ಅದು ತೂಕದ ಮಾತಲ್ಲ, ಆದರೂ.

ನನಗೆ ಇನ್ನೂ ಬಗೆಹರಿಯದ್ದು ನಿದ್ದೆ. ರಾತ್ರಿ ಮೂರಕ್ಕೆ ಮೈಯೆಲ್ಲ ಬೆಂಕಿ, ಕತ್ತು ಒದ್ದೆ, ಹೊದಿಕೆ ಒದ್ದು ಐದು ನಿಮಿಷಕ್ಕೆ ಮತ್ತೆ ಚಳಿ. ನಿದ್ದೆ ಕೆಟ್ಟರೆ ಹಸಿವು ಹೆಚ್ಚಿಸುವ ಹಾರ್ಮೋನು ಏರುತ್ತದೆ, ಸಾಕು ಅನ್ನುವ ಹಾರ್ಮೋನು ಇಳಿಯುತ್ತದೆ. ಮರುದಿನ ನಾಲ್ಕು ಗಂಟೆಗೆ ಸಿಹಿ ಡಬ್ಬದ ಹತ್ತಿರ ನಾನೇ ನಡೆದುಕೊಂಡು ಹೋಗಿರುತ್ತೇನೆ, ಯಾರೂ ಕರೆದಿರುವುದಿಲ್ಲ. ಸಂಜೆಯ ಕಾಫಿ ಬಿಟ್ಟೆ, ಸ್ವಲ್ಪ ವಾಸಿ. ಬಿಸಿ ತಡೆಯೋಕೆ ಹಾರ್ಮೋನ್ ಚಿಕಿತ್ಸೆ ಇದೆ, ಅದು ತೂಕ ಇಳಿಸುವ ಔಷಧಿಯಲ್ಲ, ಆದರೆ ಬಿಸಿ ಕಮ್ಮಿಯಾದರೆ ನಿದ್ದೆಯಾದರೂ ಬಂದೀತು. ನನಗೆ ಹೊಂದುತ್ತದಾ ಅಂತ ಕೇಳೋಕೆ ಮುಂದಿನ ವಾರ ಹೋಗುತ್ತಿದ್ದೇನೆ.