ದೇವರು ನಿನಗೆ ಏನು ಹೇಳಿದ ಅಂತ ಕೇಳುವವರಿಗೆ

ತಮ್ಮ ತೀರಿಕೊಂಡ ಮೇಲೆ ಸಿಕ್ಕವರೆಲ್ಲ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. "ಇಷ್ಟೆಲ್ಲ ಅನುಭವಿಸಿದೆಯಲ್ಲ, ದೇವರು ನಿನಗೆ ಏನು ಹೇಳಿದ?" ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಬರೆದೇ ಬಿಡುತ್ತೇನೆ. ಏನೂ ಹೇಳಲಿಲ್ಲ. ಆದರೂ ನಾನು ದಿನಾ ಪ್ರಾರ್ಥನೆಗೆ ಕೂರುತ್ತೇನೆ.

ಸಿಟ್ಟು ಬರುವುದು ಕೇಳುವ ರೀತಿಗೆ. ನನಗೊಂದು ಪಾಠ ಕಲಿಸಲೆಂದೇ ಅವನನ್ನು ಕರೆದುಕೊಂಡ ಹಾಗೆ ಮಾತಾಡುತ್ತಾರೆ. ಅವನಿಗೂ ಅವನದೇ ಬದುಕು ಇತ್ತು, ಅಲ್ವಾ?

ಸಮಾಧಾನ ಹೇಳಲು ಬಂದ ಹಿರಿಯರೊಬ್ಬರು ಕುಂತಿಯ ಕಥೆ ತೆಗೆದರು. ಭಾಗವತದಲ್ಲಿ ಯುದ್ಧ ಮುಗಿದು ಕೃಷ್ಣ ದ್ವಾರಕೆಗೆ ಹೊರಟಾಗ ಕುಂತಿ ಅವನನ್ನು ಸ್ತುತಿಸುತ್ತಾಳೆ. ಕಷ್ಟಗಳು ಮತ್ತೆ ಮತ್ತೆ ಬರಲಿ, ಆಗಲೇ ನಿನ್ನ ದರ್ಶನ ಆಗುವುದು ಅಂತ ಬೇಡುತ್ತಾಳೆ. "ನೋಡಮ್ಮ, ನೀನೂ ಹಾಗೇ ತಗೋಬೇಕು" ಅಂದರು. ನಾನು ತಮ್ಮನ ಬಟ್ಟೆ ಮಡಿಸುತ್ತಿದ್ದೆ. ಅಂಗಿಯ ಜೇಬಿನಲ್ಲಿ ಮಾತ್ರೆಯ ಸ್ಟ್ರಿಪ್ ಸಿಕ್ಕಿತು, ಕೊನೆಯ ಎರಡು ಮಾತ್ರೆ ಹಾಗೇ ಉಳಿದಿದ್ದವು. ಅದನ್ನು ಹಿಡಿದುಕೊಂಡೇ ಹೇಳಿದೆ: ಕುಂತಿ ಬೇಡಿದ್ದು ತನಗೆ ಮತ್ತು ತನ್ನವರಿಗೆ. ಗಂಡನನ್ನು ಕಳೆದುಕೊಂಡು, ಅರಗಿನ ಮನೆಯಿಂದ ಪಾರಾಗಿ, ಕರ್ಣನಿಗಾಗಿ ಅತ್ತ ಮೇಲೆ ಅವಳ ಬಾಯಿಂದ ಬಂದ ಮಾತು ಅದು. ನನ್ನ ಪರವಾಗಿ ಅದನ್ನು ನೀವು ಹೇಳಬೇಡಿ. ಅವರಿಗೆ ನೋವಾಯಿತು, ಎದ್ದು ಹೋದರು. ಆ ಮಾತನ್ನು ನಾನು ಇವತ್ತಿಗೂ ವಾಪಸ್ ತಗೊಳ್ಳಲ್ಲ.

ಬೈಬಲಿನ ಯೋಬನ ಕಥೆ ನೋಡಿ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಹೋದಾಗ ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಜೊತೆಗೆ ನೆಲದ ಮೇಲೆ ಕೂತರು. ಅಲ್ಲಿವರೆಗೂ ಚೆನ್ನಾಗಿತ್ತು. ಆಮೇಲೆ ನೀನೇನೋ ತಪ್ಪು ಮಾಡಿರಬೇಕು ಅಂತ ಕಾರಣ ಹೇಳಲು ಶುರು ಮಾಡಿದರು. ಯೋಬ ಮಾತ್ರ ಹುಟ್ಟಿದ ದಿನವನ್ನೇ ಶಪಿಸಿದ, ದೇವರ ಜೊತೆ ವಾದಕ್ಕೇ ಇಳಿದ. ಕೊನೆಗೆ ದೇವರಿಗೆ ಕೋಪ ಬಂದದ್ದು ಕಾರಣ ಹೇಳಿದ ಗೆಳೆಯರ ಮೇಲೆ. ಯಾಕೆ ಹೀಗಾಯಿತು ಅನ್ನುವುದು ಯೋಬನಿಗೂ ಗೊತ್ತಾಗಲಿಲ್ಲ. ಆದರೆ ದೇವರು ಅವನ ಜೊತೆ ಮಾತಾಡಿದ.

ನೀನು ದೇವರಿಗೆ ಏನು ಹೇಳಿದೆ ಅಂತ ಯಾರಾದರೂ ಕೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಹೇಳುವುದು ಬೇಕಾದಷ್ಟಿತ್ತು. ಐಸಿಯು ಹೊರಗಿನ ಕುರ್ಚಿಯಲ್ಲಿ ಕೂತು ಬೇಡಿಕೊಂಡೆ. ಅವನು ಹೋದ ಮೇಲೆ ಬೈದೆ, ಬಾಯಿಗೆ ಬಂದ ಹಾಗೆ. ಆಮೇಲೆ ಎಷ್ಟೋ ಕಾಲ ಮಾತೇ ಬಿಟ್ಟೆ. ಮತ್ತೆ ಕೂತಾಗ ಯಾವ ಸ್ತೋತ್ರವೂ ಬಾಯಿಗೆ ಬರಲಿಲ್ಲ. ತಮ್ಮನ ಹೆಸರು ಹೇಳುತ್ತಿದ್ದೆ, ಸುಮ್ನೆ ಕೂರುತ್ತಿದ್ದೆ. ದನಿ ಕೇಳಿಸಲಿಲ್ಲ, ಬೆಳಕು ಕಾಣಲಿಲ್ಲ. ಆದರೆ ಒಬ್ಬಳೇ ಕೂತಿದ್ದೇನೆ ಅಂತಲೂ ಅನ್ನಿಸಲಿಲ್ಲ. ನಾನು ಹೇಳಿದ್ದನ್ನೆಲ್ಲ, ಆ ಬೈಗುಳವನ್ನೂ, ಯಾರೋ ಕೇಳಿಸಿಕೊಂಡಿದ್ದಾರೆ ಅನ್ನಿಸಿತು. ನನ್ನ ಭಕ್ತಿ ನಿಂತಿರುವುದು ಅಷ್ಟರ ಮೇಲೆ.

ಏನೂ ಕೇಳಿಸದಿದ್ದರೆ ನಿನ್ನ ನಂಬಿಕೆ ಸಾಲದು ಅನ್ನುವವರೂ ಇದ್ದಾರೆ. ಮದರ್ ತೆರೇಸಾ ತೀರಿಕೊಂಡದ್ದು 1997ರಲ್ಲಿ. 2007ರಲ್ಲಿ ಅವರ ಪತ್ರಗಳು ಪುಸ್ತಕವಾಗಿ ಬಂದವು. ದೇವರು ಹತ್ತಿರ ಇದ್ದಾನೆ ಅಂತಲೇ ಅನ್ನಿಸದೆ ದಶಕಗಳ ಕಾಲ ಅವರು ಒದ್ದಾಡಿದ್ದು ಅದರಲ್ಲಿದೆ. ಆದರೂ ಪ್ರಾರ್ಥನೆ ಬಿಡಲಿಲ್ಲ, ಸಾಯುತ್ತಿರುವವರ ಸೇವೆಯನ್ನೂ ಬಿಡಲಿಲ್ಲ. ಅವರ ನಂಬಿಕೆ ಸಾಲದು ಅಂತ ಹೇಳುತ್ತೀರಾ?

ತಮ್ಮನ ಸಾವಿಗೆ ನನಗೆ ಯಾವ ಅರ್ಥವೂ ಸಿಕ್ಕಿಲ್ಲ, ಹುಡುಕುವುದನ್ನೂ ಬಿಟ್ಟಿದ್ದೇನೆ. ಈಗ ಯಾರ ಮನೆಯಲ್ಲಾದರೂ ಸಾವಾದರೆ ಹೋಗಿ ಕೂರುತ್ತೇನೆ. ಹೋದವರ ಬಗ್ಗೆ ಅವರು ಹೇಳಿದ್ದನ್ನು ಕೇಳುತ್ತೇನೆ. ನನ್ನನ್ನೂ ಏನಾದರೂ ಕೇಳಲೇಬೇಕು ಅನ್ನಿಸಿದರೆ, ನನ್ನ ತಮ್ಮ ಎಂಥವನಿದ್ದ ಅಂತ ಕೇಳಿ. ಹೇಳುವುದು ಜಾಸ್ತಿ ಇದೆ, ಸ್ವಲ್ಪ ಬಿಡುವು ಮಾಡಿಕೊಂಡು ಬನ್ನಿ.