ಅನ್ಯಲೋಕದವನಿಗೆ ಮುದ್ದೆ ತಿನ್ನಿಸಿದ ಮೇಷ್ಟ್ರು

ಮೇಷ್ಟ್ರು ಹೋದ ಸುದ್ದಿ ವಾಟ್ಸಾಪಿನಲ್ಲಿ ಬಂತು. ಅವರು ವಿಜ್ಞಾನದ ಮೇಷ್ಟ್ರು, ಆದರೆ ನಮ್ಮ ಬ್ಯಾಚಿನ ಗುಂಪಿನಲ್ಲಿ ಎಲ್ಲರೂ ಬರೆದದ್ದು ನಾಟಕದ ಬಗ್ಗೆಯೇ. ಪಾಠ? ಒಂದೂ ನೆನಪಿಲ್ಲ.

ಅದು 1999. ಕಾರ್ಗಿಲ್ ಯುದ್ಧ ಜುಲೈನಲ್ಲಿ ಮುಗಿದಿತ್ತು. ಡಿಸೆಂಬರಿನ ವಾರ್ಷಿಕೋತ್ಸವಕ್ಕೆ ನಮಗೂ ಬಂದೂಕು ಹಿಡಿಯೋ ನಾಟಕವೇ ಬೇಕಿತ್ತು. ಮೇಷ್ಟ್ರು ಬೇಡ ಅನ್ನಲಿಲ್ಲ. "ಯುದ್ಧ ಮಾಡ್ರೋ, ಆದ್ರೆ ಎರಡೇ ನಿಮಿಷ. ಅದು ಮುಗಿದ ಮೇಲೆ ನಾಟಕ ಶುರು" ಅಂದರು. ಶತ್ರು ಯಾವ ದೇಶದವನೂ ಆಗಬಾರದು, ಆಕಾಶದಿಂದ ಇಳಿದವನಾಗಬೇಕು. ಎರಡೂ ಸೈನ್ಯ ವಾಪಸ್ ಹೋಗಿವೆ, ಗೌರಿಬಿದನೂರಿನ ಒಂದು ರಾಗಿ ಹೊಲದಲ್ಲಿ ಗಾಯಗೊಂಡ ಒಬ್ಬ ಮನುಷ್ಯ, ಒಬ್ಬ ಅನ್ಯಲೋಕದವನು ಉಳಿದಿದ್ದಾರೆ, ಅಷ್ಟೇ ಕಥೆ. ಮನುಷ್ಯ ನಾನು. ಅನ್ಯಲೋಕದವನು ಬಿ ಸೆಕ್ಷನ್ನಿನ ಕಬಡ್ಡಿ ಕ್ಯಾಪ್ಟನ್. ನಮ್ಮಿಬ್ಬರಿಗೂ ಆ ವರ್ಷ ಮಾತೇ ಇರಲಿಲ್ಲ. ಮೇಷ್ಟ್ರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಆಕಾಶ ನಮ್ಮೂರಿಗೆ ಹೊಸದಲ್ಲ. 1976ರಿಂದ ಇಲ್ಲಿ ರೇಡಿಯೋ ದೂರದರ್ಶಕ ಇದೆ. ಸಾವಿರ ಆಂಟೆನಾಗಳು, ಪೂರ್ವ ಪಶ್ಚಿಮವಾಗಿ 1.4 ಕಿಲೋಮೀಟರ್ ಉದ್ದ. ಅದಕ್ಕೂ ಮೊದಲೇ, 1965ರಲ್ಲಿ, ದೂರದ ದೇಶದಲ್ಲಿ ನೆಲದೊಳಗೆ ಅಣುಬಾಂಬ್ ಸಿಡಿಸಿದರೂ ಹಿಡಿಯೋ ಕಂಪನ ಕೇಂದ್ರ ಬಂದಿತ್ತು. "ಒಂದು ಬಾಂಬಿಗೆ ಕಿವಿ ಕೊಡುತ್ತೆ, ಇನ್ನೊಂದು ನಕ್ಷತ್ರಕ್ಕೆ. ಎರಡೂ ನಮ್ಮ ತಾಲ್ಲೂಕಲ್ಲೇ" ಅಂತ ಮೇಷ್ಟ್ರು ಜಂಬ ಪಡೋರು. ವಿಚಾರವಾದಿ, ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಹುಟ್ಟಿದ ಹೊಸೂರೂ ಇದೇ ತಾಲ್ಲೂಕು ಅಂತ ಸೇರಿಸದೆ ಬಿಡುತ್ತಿರಲಿಲ್ಲ.

ಕಥೆ ಸುಳ್ಳಾದರೂ ಲೆಕ್ಕ ಸುಳ್ಳಾಗಬಾರದು ಅನ್ನೋದು ಅವರ ಹಟ. ಅನ್ಯಲೋಕದವನ ಊರು ಟೌ ಸೆಟಿ ನಕ್ಷತ್ರದ ಹತ್ತಿರ. 1960ರಲ್ಲಿ ಅಮೆರಿಕದ ಫ್ರಾಂಕ್ ಡ್ರೇಕ್ ಯಾರಾದರೂ ಮಾತಾಡ್ತಾರಾ ಅಂತ ರೇಡಿಯೋ ಇಟ್ಟು ಕೇಳಿದ ಎರಡು ನಕ್ಷತ್ರಗಳಲ್ಲಿ ಅದೂ ಒಂದು. ದೂರ ಸುಮಾರು 12 ಬೆಳಕಿನ ವರ್ಷ, ಅಂದರೆ ಬೆಳಕಾಗಲಿ ರೇಡಿಯೋ ಅಲೆಯಾಗಲಿ ಅಲ್ಲಿಗೆ ಹೋಗೋಕೆ ಅಷ್ಟು ವರ್ಷ ಬೇಕು. ಹಾಗಾಗಿ "ಜಗಳ ಮುಗೀತು, ಕರ್ಕೊಂಡು ಹೋಗಿ" ಅಂತ ಊರಿಗೆ ಹೇಳಿಕಳಿಸಿದರೆ ತಲುಪೋಕೆ 12 ವರ್ಷ, ಉತ್ತರ ಬರೋಕೆ ಇನ್ನೊಂದು 12. "ಅಲ್ಲೀವರೆಗೂ ಇಬ್ಬರೂ ಏನ್ ತಿಂತಾರೆ, ಯಾವುದಕ್ಕೆ ಕಿತ್ತಾಡ್ತಾರೆ, ಅದನ್ನ ಬರ್ಕೊಂಡು ಬನ್ನಿ" ಅಂದರು. ನಾವಿಬ್ಬರೇ ಕೂತು ಬರೆಯಬೇಕು. ಮೊದಲ ದಿನ ಬೆನ್ನು ತಿರುಗಿಸಿ ಕೂತೆವು. ಆಮೇಲೆ ಮುದ್ದೆ ವಿಷಯಕ್ಕೆ ಮಾತು ಶುರುವಾಯಿತು. ಅನ್ಯಲೋಕದವನು ಮುದ್ದೆ ಅಗೀತಾನೆ, ಮನುಷ್ಯ ನುಂಗೋದು ಕಲಿಸಬೇಕು. ಈ ದೃಶ್ಯ ನಂದೇ ಐಡಿಯಾ, ಅವನು ಏನೇ ಹೇಳಲಿ.

ನಾಟಕದ ದಿನ ರಟ್ಟಿನ ಮುದ್ದೆ ಇಡಬೇಕಿತ್ತು. ನಾವು ಹಾಸ್ಟೆಲ್ ಅಡುಗೆಮನೆಯಿಂದ ಬಿಸಿ ಮುದ್ದೆ, ಬಸ್ಸಾರು ಎಗರಿಸಿದೆವು. ಅವನು ಮೈಗೆಲ್ಲ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಅಂಟಿಸಿಕೊಂಡು ಕೂತಿದ್ದ. ಅನ್ಯಲೋಕದ ಭಾಷೆ ಅಂತ ಏನೋ ಕಿರ್ ಬುರ್ ಅನ್ನಬೇಕಿತ್ತು. ತುತ್ತು ಬಾಯಿಗಿಟ್ಟ, ನಾಲಿಗೆ ಸುಟ್ಟಿತು, "ಅಮ್ಮೋ, ಕಾಲಿಂದಿರಾ!" ಅಂತ ಮನೆಯ ತೆಲುಗಿನಲ್ಲೇ ಕಿರುಚಿದ. ನಮ್ಮ ಕಡೆ ತೆಲುಗು ಬರದವರು ಯಾರು? ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು. ನಾನೂ ಸುಮ್ನಿರದೆ ತೆಲುಗಿನಲ್ಲೇ ಸಮಾಧಾನ ಮಾಡಿದೆ. ಆಮೇಲೆ ನಾಟಕ ಪೂರ್ತಿ ಹಾಗೇ ನಡೆಯಿತು. ಮುಖ್ಯ ಅತಿಥಿಗಳು ಕಣ್ಣೊರೆಸಿಕೊಂಡರು. ನಗುವಿಗೋ ಏನೋ, ನನ್ನ ಅಭಿನಯಕ್ಕೆ ಅಂತಲೇ ನನ್ನ ನಂಬಿಕೆ.

ಈಗ ನನ್ನ ಮಗಳ ಶಾಲೆಯ ವಾರ್ಷಿಕೋತ್ಸವ ನೋಡ್ತೀನಿ. ಡ್ಯಾನ್ಸ್ ಮಾಸ್ಟರ್ ಹೊರಗಿನಿಂದ ಬರ್ತಾರೆ, ಡ್ರೆಸ್ಸು ಬಾಡಿಗೆಗೆ ಬರುತ್ತೆ. ಕಿತ್ತಾಡಿಕೊಂಡ ಇಬ್ಬರು ಮಕ್ಕಳನ್ನು ಬೇರೆ ಬೇರೆ ಸೆಕ್ಷನ್ನಿಗೆ ಹಾಕಿ ಪೋಷಕರಿಗೆ ಮೆಸೇಜ್ ಕಳಿಸ್ತಾರೆ. ಜೊತೆಗೆ ಕೂರಿಸಿ ನಾಟಕ ಬರೆಸೋಕೆ ಮೇಷ್ಟ್ರುಗಳಿಗಾದರೂ ಪುರುಸೊತ್ತು ಎಲ್ಲಿದೆ?

2023ರ ಡಿಸೆಂಬರಿನಲ್ಲಿ ನಾವಿಬ್ಬರೂ ಮೇಷ್ಟ್ರ ಮನೆಗೆ ಹೋಗಿದ್ದೆವು. ಅವನೀಗ ದ್ರಾಕ್ಷಿ ಬೆಳೀತಾನೆ, ನಾನು ಬೆಂಗಳೂರಿನಲ್ಲಿ ಎಂಜಿನಿಯರ್. "ಸಾರ್, 24 ವರ್ಷ ಆಯ್ತು, ಉತ್ತರ ಬರಬೇಕಲ್ವಾ?" ಅಂದ ಅವನು. ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು, "ದೂರ 11.9 ಕಣೋ. ಎರಡು ತಿಂಗಳ ಹಿಂದೆಯೇ ಬರಬೇಕಿತ್ತು" ಅಂದರು.

ನಾಟಕದ ನೋಟ್‌ಬುಕ್ ಅವನ ಹತ್ತಿರ ಇದೆ. ಶಾಲೆಯವರು ಮತ್ತೆ ಆಡಿಸೋದಾದರೆ ಕೊಡ್ತಾನಂತೆ. ಮುದ್ದೆ ದೃಶ್ಯ ಯಾರು ಬರೆದದ್ದು ಅಂತ ಮಾತ್ರ ಅವನನ್ನು ಕೇಳಬೇಡಿ.